ಮನೆ ನೋಡಲು ಬಂದ ಸ್ಕಾಲರ್‌ಶಿಪ್ಪು

ನಮ್ಮ ಮನೆಯಲ್ಲಿ ಖಾತೆ ಹಂಚಿಕೆ ಮದುವೆಯಾದ ವರ್ಷವೇ ಮುಗಿದುಹೋಯಿತು. ಅಡುಗೆ, ಹಣಕಾಸು, ನೆಂಟರಿಷ್ಟರು, ಹಾಲಿನವನ ಜೊತೆ ಜಗಳ, ಇವೆಲ್ಲ ನನ್ನ ಹೆಂಡತಿಯವು. ಚಿಂತೆ ಒಂದು ನನ್ನದು. ಈ ಖಾತೆಯನ್ನು ನಾನು ಇವತ್ತಿನವರೆಗೆ ಬಹಳ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೇನೆ. ಬಸ್ಸು ತಡವಾದರೆ ಎಲ್ಲಿ ಕೆಟ್ಟು ನಿಂತಿತೋ ಎಂದು ಚಿಂತೆ. ಸರಿಯಾದ ಹೊತ್ತಿಗೆ ಬಂದರೆ ಇದು ನಮ್ಮ ಬಸ್ಸೋ, ತಡವಾದ ಹಿಂದಿನ ಬಸ್ಸೋ ಎಂದು ಚಿಂತೆ. ಮನೆಯಿಂದ ಹೊರಟರೆ ಬೀಗ ಎಳೆದು ನೋಡುತ್ತೇನೆ, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಮತ್ತೆ ಎಳೆಯುತ್ತೇನೆ. ಹೀಗೆ ಎಳೆದೂ ಎಳೆದೂ ಒಂದು ಸಲ ಕೊಂಡಿಯೇ ಕಿತ್ತು ಕೈಗೆ ಬಂತು. ಅವತ್ತು ನನ್ನ ಹೆಂಡತಿ, "ಕಳ್ಳ ಬಂದಿದ್ದರೂ ಇಷ್ಟು ಮಾಡ್ತಿರಲಿಲ್ಲ" ಎಂದಳು. ಇಂಥ ನನ್ನನ್ನು ಒಂದು ಹುಡುಗನ ಭವಿಷ್ಯಕ್ಕೆ ಕಾವಲು ನಿಲ್ಲಿಸಿದರೆ ಏನಾದೀತು ಎಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಹುಡುಗನ ಹೆಸರು ಚಂದ್ರು, ನನ್ನ ಬಾಮೈದ ಸಿದ್ದೇಗೌಡನ ಮಗ. ಊರು ಬೆಳಗೊಳ. ತೊಂಬತ್ತರ ದಶಕದ ನಡುವಿನ ಮಾತು ಇದು. ಚಂದ್ರು ಓದಿನ ಜೊತೆಗೆ ಮೈಸೂರಿನ ಕಡೆ ಇರುವ ಒಂದು ಗಾಲ್ಫ್ ಕ್ಲಬ್ಬಿಗೆ ಸೈಕಲ್ ತುಳಿದುಕೊಂಡು ಹೋಗಿ ಕ್ಯಾಡಿ ಕೆಲಸ ಮಾಡುತ್ತಿದ್ದ. ಕ್ಯಾಡಿ ಎಂದರೆ ಆಡುವವರ ಕೋಲುಗಳ ಚೀಲ ಹೊತ್ತು ಹಿಂದೆ ಹಿಂದೆ ನಡೆಯುವವನು. ಅವರು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ಕಣ್ಣಿಟ್ಟು ನೋಡಿಕೊಳ್ಳುವವನು. ಈ ಆಟದ ಬಗ್ಗೆ ಸಿದ್ದೇಗೌಡನಿಗೆ ತನ್ನದೇ ಆದ ಅಭಿಪ್ರಾಯವಿತ್ತು. "ಅವ್ರೇ ದೂರಕ್ಕೆ ಒಡೀತಾರಂತೆ ಭಾವ, ಆಮೇಕೆ ಅವ್ರೇ ಉಡುಕ್ಕಂಡ್ ಓಯ್ತಾರಂತೆ. ಅಷ್ಟು ಬೇಕಾಗಿದ್ರೆ ಒಡೀದಂಗೆ ಕೈಲೇ ಇಟ್ಕಂಡಿರಬೋದಲ್ವಾ?" ಎಂದು ಒಂದು ಸಲ ನನ್ನನ್ನು ಕೇಳಿದ್ದ. ನನಗೂ ಉತ್ತರ ತಿಳಿಯದೆ, ಅದು ಆರೋಗ್ಯಕ್ಕೆ ಒಳ್ಳೆಯದಂತೆ ಎಂದು ಹೇಳಿ ಬಚಾವಾಗಿದ್ದೆ.

ಚಂದ್ರು ಪಿಯುಸಿಯಲ್ಲಿ ಚೆನ್ನಾಗಿಯೇ ಪಾಸಾದ. ಬಿ.ಎಸ್ಸಿ. ಓದಬೇಕೆಂದು ಅವನ ಆಸೆ. ಓದಿಸುವ ಶಕ್ತಿ ಅವರಪ್ಪನಿಗಿರಲಿಲ್ಲ. ತುಂಡು ಗದ್ದೆ, ಒಂದು ಎಮ್ಮೆ, ಮಳೆಗಾಲದಲ್ಲಿ ಪಾತ್ರೆ ಇಟ್ಟುಕೊಂಡು ಕೂರಬೇಕಾದ ನಾಡಹೆಂಚಿನ ಮನೆ, ಇಷ್ಟೇ ಆಸ್ತಿ. ಆ ವರ್ಷ ಕ್ಲಬ್ಬಿನ ಸದಸ್ಯರು ಸೇರಿ, ತಮ್ಮಲ್ಲಿ ಕೆಲಸ ಮಾಡುವ ಬಡ ಹುಡುಗರಲ್ಲಿ ಒಬ್ಬನಿಗೆ ಡಿಗ್ರಿ ಮುಗಿಯುವ ತನಕ ಸ್ಕಾಲರ್‌ಶಿಪ್ಪು ಕೊಡುವುದೆಂದು ತೀರ್ಮಾನಿಸಿದರು. ಕೊನೆಗೆ ಉಳಿದವರು ಇಬ್ಬರು: ನಮ್ಮ ಚಂದ್ರು, ಪಾಲಹಳ್ಳಿಯ ಇನ್ನೊಬ್ಬ ಹುಡುಗ. ಕ್ಲಬ್ಬಿನ ಇಬ್ಬರು ಹಿರಿಯರು ಭಾನುವಾರ ಇಬ್ಬರ ಮನೆಗೂ ಬಂದು, ಪರಿಸ್ಥಿತಿ ಕಣ್ಣಾರೆ ನೋಡಿ ತೀರ್ಮಾನ ಹೇಳುತ್ತಾರೆ ಎಂದಾಯಿತು. ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಬೆಳಗಿನಿಂದ ಸಂಜೆಯವರೆಗೆ ಚೀಲ. ಸಿದ್ದೇಗೌಡ ಪಾಂಡವಪುರಕ್ಕೆ ನಮ್ಮ ಮನೆಗೇ ಬಂದು, "ದೊಡ್ಡೋರ ಕುಟ್ಟೆ ಮಾತಾಡಕ್ಕೆ ನಂಗೆ ಬರಾಕಿಲ್ಲ. ನೀವು ಇಂಗ್ಲೀಸ್ ಬಲ್ಲೋರು, ಬಂದು ನಿಂತ್ಕಳಿ ಭಾವ" ಎಂದು ಹೇಳಿಹೋದ. ನಾನು ಇಂಗ್ಲಿಷ್ ಬಲ್ಲೆನೆಂಬುದು ನನ್ನ ಹೆಂಡತಿಯ ತವರಿನಲ್ಲಿ ಬಹುಕಾಲದಿಂದ ಇರುವ ಒಂದು ಮೂಢನಂಬಿಕೆ. ಅಳಿಯನಾದವನು ಅದನ್ನು ಅಲ್ಲಗಳೆಯಲು ಹೋಗಬಾರದು.

ಆ ವಾರ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಸಾಲದ್ದಕ್ಕೆ ನಮ್ಮ ಆಫೀಸಿನಲ್ಲಿ ಕಿಕ್ಕೇರಿಯವನೊಬ್ಬ ಇದ್ದ. ಕೆಟ್ಟ ಸುದ್ದಿ ಎಷ್ಟು ದೂರದಲ್ಲಿದ್ದರೂ ಹುಡುಕಿ ತಂದು ಕೊಡುವುದು ಅವನ ಸ್ವಭಾವ. "ಹುಷಾರು ಮಾರಾಯ, ನಮ್ಮ ಕೆ.ಆರ್.ಪೇಟೆ ಕಡೆ ಒಬ್ಬನಿಗೆ ಇಂಥದ್ದೇ ಸಹಾಯ ಬಂದಿತ್ತು. ಹೆಂಚಿನ ಮೇಲೆ ಟೀವಿ ಆಂಟೆನಾ ಕಂಡಿತು ನೋಡು, ಬಂದವರು ಜೀಪಿನಿಂದ ಇಳಿಯಲೇ ಇಲ್ಲ" ಎಂದ. ಸಿದ್ದೇಗೌಡನ ಮನೆಯಲ್ಲಿ ಟೀವಿ ಇರಲಿ, ರೇಡಿಯೋ ಕೂಡ ಇರಲಿಲ್ಲ. ಆ ಒಂದು ವಿಷಯದಲ್ಲಿ ಚಿಂತೆ ಮಾಡಬೇಕಾಗಿಲ್ಲ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಬೆಳಗೊಳದಲ್ಲಿ ಇಳಿದೆ. ಬೀದಿ ತಿರುಗುತ್ತಿದ್ದ ಹಾಗೆ ಮೊದಲು ಕಂಡದ್ದೇ ಆಂಟೆನಾ. ಸಿದ್ದೇಗೌಡನ ಹೆಂಚಿನ ಮೇಲೆ, ಬೊಂಬಿನ ತುದಿಗೆ ಕಟ್ಟಿಸಿಕೊಂಡು, ಆಕಾಶಕ್ಕೆ ಕೈಚಾಚಿ ನಿಂತಿತ್ತು. ಬಾಗಿಲ ಮುಂದೆ ತೊಳೆದು ಕುಂಕುಮವಿಟ್ಟ ಟ್ರಾಕ್ಟರು. ಎಮ್ಮೆ ಇರಬೇಕಾದ ಕೊಟ್ಟಿಗೆಯಲ್ಲಿ ಸಾಲಾಗಿ ಸೀಮೆಹಸುಗಳು. ಒಳಗೆ ಹೋದರೆ ನಡುಮನೆಯ ತುಂಬ ಪ್ಲಾಸ್ಟಿಕ್ಕಿನ ಹೊದಿಕೆ ಕೂಡ ತೆಗೆಯದ ಉದ್ದನೆಯ ಸೋಫಾ, ಎದುರಿಗೆ ಟೀವಿ. ಚಂದ್ರುವಿನ ತಾಯಿ ಜಯಮ್ಮ ಆ ಸೋಫಾದ ಮೇಲೆ ಕೂರಲು ಭಯಪಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತು ಬೀನ್ಸು ಬಿಡಿಸುತ್ತಿದ್ದಳು. "ಬನ್ನಿ ಅಣ್ಣ" ಎಂದು ನಗುತ್ತಾ ಎದ್ದಳು.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಹೆಣ್ಣು ಕೊಡುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುತ್ತಾರೆ. ಅವತ್ತು ಇಡೀ ಬೀದಿಯ ಸಾಮಾನು ಆ ಒಂದು ಮನೆಯಲ್ಲಿರುತ್ತದೆ. ಒಬ್ಬರು ಎತ್ತು ತಂದು ಕಟ್ಟುತ್ತಾರೆ, ಇನ್ನೊಬ್ಬರು ಹಿತ್ತಾಳೆ ಕೊಳಗ ಕೊಡುತ್ತಾರೆ. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ನಾಳೆ ಅವರ ಮನೆಗೂ ಜನ ಬರುತ್ತಾರಲ್ಲ. ನಾಗಮಂಗಲದಲ್ಲಿ ನನ್ನ ಚಿಕ್ಕಪ್ಪನಿಗೆ ಹೆಣ್ಣು ನಿಶ್ಚಯ ಮಾಡುವಾಗ ಹೊಟ್ಟು ತುಂಬಿದ ಮೂಟೆಗಳನ್ನು ಒಟ್ಟಿ, ಮೇಲೊಂದು ವರಸೆ ಮಾತ್ರ ರಾಗಿ ಮೂಟೆ ಇಟ್ಟಿದ್ದರಂತೆ. ಹೆಣ್ಣಿನ ಅಜ್ಜ ದಣಿವಾರಿಸಿಕೊಳ್ಳಲು ಅದಕ್ಕೆ ಒರಗಿದವನು ನಿಧಾನವಾಗಿ ಒಳಕ್ಕೆ ಕುಸಿದನಂತೆ. ಎಬ್ಬಿಸಿ ಕೂರಿಸಿದ ಮೇಲೆ ಆತ ಮೈಯ ಹೊಟ್ಟು ಕೊಡವಿಕೊಂಡು, "ರಾಗಿ ಚೆಂದಾಗದೆ" ಎಂದು ಗಂಭೀರವಾಗಿ ಹೇಳಿದನಂತೆ. ಮದುವೆಯೂ ಆಯಿತು. ಚಿಕ್ಕಮ್ಮ ಇವತ್ತಿಗೂ ಆ ಮೂಟೆಗಳ ಮಾತೆತ್ತಿ ಚಿಕ್ಕಪ್ಪನನ್ನು ಆಡಿಕೊಳ್ಳುತ್ತಾಳೆ.

ಆದರೆ ಇದು ಮದುವೆಯಲ್ಲವಲ್ಲ! "ಏನಯ್ಯಾ ಇದು?" ಎಂದು ಸಿದ್ದೇಗೌಡನ ಮೇಲೆ ರೇಗಿದೆ. ಅವನು ಹೆಮ್ಮೆಯಿಂದ, "ಎಂಗದೆ ಭಾವ? ಎಲ್ಲ ಪಕ್ಕದ್ಮನೆ ತಿಮ್ಮಣ್ಣಂದೇಯ. ಎಮ್ಮೆಯ ಅವ್ನ ಇತ್ತಲಿಗೆ ಅಟ್ಟಿವ್ನಿ" ಎಂದ.

"ಅಯ್ಯೋ ಪುಣ್ಯಾತ್ಮ, ಅವರು ಬರ್ತಿರೋದು ಬಡತನ ನೋಡೋಕೆ ಕಣಯ್ಯಾ! ಇದ್ದದ್ದು ಇದ್ದ ಹಾಗೆ ತೋರಿಸಬೇಕು. ಈ ಟ್ರಾಕ್ಟರು ನೋಡಿದ್ರೆ ನೇರ ಪಾಲಹಳ್ಳಿಗೆ ಹೋಗ್ತಾರೆ!"

"ನಾವ್ ಬಡವ್ರು ಅಂತ ಗೊತ್ತಿದ್ದೇ ತಾನೆ ಅವ್ರು ಬತ್ತಾ ಇರೋದು? ಗೊತ್ತಿರೋದ್ನ ತಿರ್ಗ ಯಾಕ್ ತೋರ್ಸದು?" ಎಂದವನು ದನಿ ತಗ್ಗಿಸಿದ. "ನಾಳಿಕೆ ನನ್ ಮಗ ಅವ್ರ ಇಂದೆ ಚೀಲ ಒತ್ಕಂಡು ಓಡಾಡ್ಬೇಕು ಭಾವ. ಇವ್ನ ಮನೇಲಿ ಕುಂತ್ಕಳಕ್ಕೆ ಒಂದ್ ಕುರ್ಚಿನೂ ಇಲ್ಲ ಅಂತ ಅವ್ರು ನೆನ್ಕಂಡು ನೋಡಿದ್ರೆ, ಅವನ್ಗೆ ಎಂಗಾಯ್ತದೆ ಏಳಿ."

ಈ ಮಾತು ನನಗೂ ನಾಟಿತು, ಸುಳ್ಳೇಕೆ ಹೇಳಲಿ. ಆದರೆ ಮನಸ್ಸು ಕರಗಿಸಿಕೊಂಡು ಕೂರುವ ಹೊತ್ತು ಅದಲ್ಲ. ಮರ್ಯಾದೆ ಉಳಿಸಿಕೊಂಡು ಕಾಲೇಜು ಕಳೆದುಕೊಳ್ಳುತ್ತೀಯಾ ಎಂದು ಗದರಿಸಿ, ಎಲ್ಲವನ್ನೂ ವಾಪಸು ಸಾಗಿಸಲು ಹೊರಟೆ. ಟ್ರಾಕ್ಟರಿನ ಬ್ಯಾಟರಿ ಸತ್ತಿತ್ತು. ತರುವಾಗಲೂ ನೂಕಿಕೊಂಡೇ ತಂದಿದ್ದರಂತೆ, ಅದೂ ಇಳಿಜಾರಿನಲ್ಲಿ. ಹಸುಗಳು ಹೊಸ ಕೊಟ್ಟಿಗೆಯಲ್ಲಿ ಸುಖವಾಗಿ ಮಲಗಿದ್ದವು. ಕೊನೆಗೆ ಸೋಫಾ ಒಂದಾದರೂ ಹೋಗಲಿ ಎಂದು ನಾನು, ಸಿದ್ದೇಗೌಡ, ಚಂದ್ರು ಮೂವರೂ ಎತ್ತಿದೆವು. ಅದು ಅರ್ಧ ಬಾಗಿಲು ದಾಟಿ ಹೊಸಿಲ ಮೇಲೆ ಕಚ್ಚಿಕೊಂಡು ನಿಂತಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. "ಒಳಿಕೆ ಬರ್ವಾಗ ಸಲೀಸಾಗಿ ಬಂದಿತ್ತಲ್ಲ" ಎಂದು ಸಿದ್ದೇಗೌಡ ಬೆವರೊರೆಸಿಕೊಳ್ಳುತ್ತಿದ್ದಾಗ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

ಬಂದವರಲ್ಲಿ ಒಬ್ಬರು ಗಿರಿಜಾ ಮೀಸೆಯ ದಪ್ಪನೆಯ ನಿವೃತ್ತ ಮಿಲಿಟರಿ ಅಧಿಕಾರಿ, ಇನ್ನೊಬ್ಬರು ಸಣಕಲು ಡಾಕ್ಟರು. ಬಾಗಿಲಿಗೆ ಅಡ್ಡಲಾಗಿದ್ದ ಸೋಫಾ ನೋಡಿ ಅವರು ಏನೂ ಕೇಳಲಿಲ್ಲ. ಮಿಲಿಟರಿಯವರು ಹೊರಗಿದ್ದ ತುದಿಯಲ್ಲಿ ಕೂತರು. ಡಾಕ್ಟರು ಜಯಮ್ಮನ ಹಿಂದೆ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಒಳಗಿನ ತುದಿಯಲ್ಲಿ ಕೂತರು. ಹೀಗೆ ಒಬ್ಬರು ಮನೆಯೊಳಗೆ, ಒಬ್ಬರು ಬೀದಿಯಲ್ಲಿ, ಆದರೆ ಒಂದೇ ಸೋಫಾದ ಮೇಲೆ ಕೂತು ಮಾತಾಡತೊಡಗಿದರು. ನಾನು ಯಾವ ಕಡೆ ನಿಲ್ಲುವುದೆಂದು ತಿಳಿಯದೆ ಕಿಟಕಿಯ ಬಳಿ ನಿಂತೆ.

"ಟ್ರಾಕ್ಟರು ಯಾರದು?" ಎಂದು ಮೀಸೆಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಿಮ್ಮಣ್ಣ, ನೆರೆಯವನ ಧರ್ಮ ಕಾಪಾಡುವವನಂತೆ ಮುಂದೆ ಬಂದು, "ಸಿದ್ದಂದೇ ಬುದ್ಧಿ. ಅಸನೂ ಅವಂದೇಯ. ನಮ್ಗೆಲ್ಲ ಆಲು ಅವ್ನ ಮನೆದೇ" ಎಂದು ಗಟ್ಟಿಯಾಗಿ ಸಾರಿದ. ನಾನು ದಿಗಿಲಿನಲ್ಲಿ, "ನೋ ಸಾರ್, ನೋ ಸಾರ್" ಎಂದೆ. ಅದರ ಮುಂದಿನ ಇಂಗ್ಲಿಷ್ ಹೊರಡಲಿಲ್ಲ. ತಿಮ್ಮಣ್ಣ ನನ್ನನ್ನು ಮನೆ ಮುರುಕನನ್ನು ನೋಡುವಂತೆ ನೋಡಿದ. ಅಷ್ಟರಲ್ಲಿ ತಿಮ್ಮಣ್ಣನ ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಬೀದಿಗೆ ಬಂತು. ಬಂದದ್ದು ಕಾರನ್ನು ಮೂಸಿ, ಮೀಸೆಯವರನ್ನು ಒಂದು ಸಲ ನೋಡಿ, ತನ್ನ ಕೊಟ್ಟಿಗೆಗೆ ನುಗ್ಗಿತು. ಒಳಗೆ ಸೀಮೆಹಸುಗಳಿಗೂ ಅದಕ್ಕೂ ದೊಡ್ಡ ರಂಪವಾಯಿತು. ಗಲಾಟೆ ಕೇಳಿ ಓಡಿಬಂದ ತಿಮ್ಮಣ್ಣನ ಹೆಂಡತಿ, "ಅಯ್ಯೋ ನನ್ ಅಸವ ತಿವ್ದು ಸಾಯಿಸ್ಬುಡ್ತದೆ!" ಎಂದು ಗಂಡನ ಸಾಕ್ಷಿಯನ್ನು ಕೆಡಿಸಿ, ಹಸುಗಳನ್ನು ಬಿಚ್ಚಿಕೊಂಡು ಹೊರಟೇಹೋದಳು.

ಸಿದ್ದೇಗೌಡ ನೆಲ ನೋಡುತ್ತಿದ್ದ. ಮುಗಿಯಿತು, ಸ್ಕಾಲರ್‌ಶಿಪ್ಪು ಪಾಲಹಳ್ಳಿಯ ಪಾಲಾಯಿತು ಎಂದುಕೊಂಡೆ. ಮೀಸೆಯವರು ಚಂದ್ರುವಿನ ಕಡೆ ತಿರುಗಿ, "ನೀನು ಹೇಳಪ್ಪ. ಇದರಲ್ಲಿ ನಿಮ್ಮದು ಯಾವುದು?" ಎಂದರು. ಹುಡುಗ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಲೆ ಎತ್ತಿ, "ಎಮ್ಮೆ ನಮ್ದು ಸಾರ್" ಎಂದ. ಅಷ್ಟೇ. ಉಳಿದದ್ದು ಯಾರದೆಂದು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೀಸೆಯವರು ಕೊಟ್ಟಿಗೆಯ ಕಡೆ ನೋಡಿ, "ಒಳ್ಳೇ ಎಮ್ಮೆ" ಎಂದರು. ಒಳಗಿನಿಂದ ಡಾಕ್ಟರು, "ನನಗೆ ಇಲ್ಲಿಂದ ಹೆಂಚು ಕಾಣ್ತಿದೆ. ಹೆಂಚಿನಾಚೆ ಆಕಾಶಾನೂ ಕಾಣ್ತಿದೆ. ಇನ್ನೇನೂ ನೋಡೋದು ಬೇಡ" ಎಂದರು. ಪಾಲಹಳ್ಳಿಯ ಹುಡುಗನಿಗೆ ಹಿಂದಿನ ದಿನವೇ ಟ್ರೈನಿಂಗ್ ಕಾಲೇಜಿನಲ್ಲಿ ಖರ್ಚಿಲ್ಲದ ಸೀಟು ಸಿಕ್ಕಿತೆಂದು ಆಮೇಲೆ ತಿಳಿಯಿತು. ಅಂತೂ ಚಂದ್ರುವಿಗೆ ಸ್ಕಾಲರ್‌ಶಿಪ್ಪು ಖಾಯಂ ಎಂದು ಮೀಸೆಯವರು ಅಲ್ಲೇ ಹೇಳಿದರು. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಹೊರಟುಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಮಾವನೋ? ಪಾಂಡವಪುರದಲ್ಲಿ ಆಫೀಸಿನಲ್ಲಿದ್ದೀರಂತೆ. ಹುಡುಗ ಅಲ್ಲಿಯ ಕಾಲೇಜಿಗೇ ಸೇರ್ತಾನೆ. ನಿಮ್ಮ ಮನೇಲಿ ಇದ್ದು ಓದೋಕೆ ಅನುಕೂಲ ಇದೆಯೇನು? ಇಲ್ಲದಿದ್ದರೆ ಸಂಕೋಚ ಬೇಡ, ಹೇಳಿಬಿಡಿ. ಹಾಸ್ಟೆಲಿನ ಖರ್ಚನ್ನೂ ಕ್ಲಬ್ಬೇ ಕೊಡುತ್ತೆ." ನಮ್ಮದು ಬಾಡಿಗೆ ಮನೆ. ಒಂದು ಹಾಲು, ಒಂದು ಅಡುಗೆ ಮನೆ. ಅದರಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನನ್ನ ತಾಯಿ. ಇಲ್ಲ ಎಂದು ಎರಡಕ್ಷರ ಹೇಳಿದ್ದರೆ ಸಾಕಿತ್ತು. ಕಾರಿನಲ್ಲಿ ಬಂದ ಇಬ್ಬರು ನನ್ನನ್ನೇ ನೋಡುತ್ತಿದ್ದರು. ತಿಮ್ಮಣ್ಣ ನೋಡುತ್ತಿದ್ದ. ನನ್ನ ಬಾಯಿ ತಾನಾಗಿಯೇ, "ಓಹೋ, ಧಾರಾಳವಾಗಿ ಇದೆ ಸಾರ್! ಓದೋಕೆ ಅಂತ ಪ್ರತ್ಯೇಕ ರೂಮೇ ಇದೆ" ಎಂದಿತು.

ಅವರು ಸಂತೋಷದಿಂದ ನನ್ನ ಕೈಕುಲುಕಿ ಹೊರಟರು. ಸಿದ್ದೇಗೌಡ ನನ್ನನ್ನು ಬಸ್‌ ಸ್ಟಾಪಿನವರೆಗೆ ಬಿಡಲು ಬಂದ. ಬಸ್ಸು ಕಾಣಿಸಿದ ಮೇಲೆ ಮೆಲ್ಲಗೆ, "ಅದ್ಯಾವ್ ರೂಮು ಭಾವ?" ಎಂದ. ನಾನು ಬೇರೆ ಕಡೆ ನೋಡಿದೆ. ಅವನು ನಗಲಿಲ್ಲ, ಕೆಣಕಲೂ ಇಲ್ಲ. "ತಿಮ್ಮಣ್ಣನ ಅಟ್ಟದಾಗೆ ಒಂದು ಮಂಚ ಸುಮ್ಕೆ ಬಿದ್ದದೆ. ಏಳ್ಬುಡ್ಲಾ?" ಎಂದು ಕೇಳಿದ.

ಬೇಡ ಎನ್ನಲು ಬಾಯಿ ತೆರೆದೆ. "ಹಾಸಿಗೆಯೂ ಇದೆಯಾ ಕೇಳು" ಎಂದು ಹೇಳಿ ಬಸ್ಸು ಹತ್ತಿದೆ.