ತುರ್ದುಬೆಕ್ ಸಮುದ್ರಕ್ಕೆ ಹೊರಟ ಬಗೆ

ಇಸಿಕ್-ಕುಲ್ ಸರೋವರದ ದಂಡೆಯಲ್ಲಿ ನಾಲ್ಕು ಕಂಬಳಿ ಡೇರೆ ಹಾಕಿಕೊಂಡು ತುರ್ದುಬೆಕ್ ಇಪ್ಪತ್ತು ಬೇಸಿಗೆಗಳಿಂದ ವಿದೇಶಿಯರಿಗೆ ಸಂಸ್ಕೃತಿ ಮಾರುತ್ತಿದ್ದ. ಮಾರುತ್ತಿದ್ದವನು ಅವನು, ಮಾಡುತ್ತಿದ್ದವಳು ಹೆಂಡತಿ ಬುರುಲ್. ಪ್ರವಾಸಿಗಳ ಬಂಡಿ ಬಂದೊಡನೆ ಆತ ಬಿಳಿಯ ಕಲ್ಪಾಕ್ ಟೋಪಿ ಏರಿಸಿ, ಮೀಸೆ ತೀಡಿ, ಕೊಮುಜ್ ವಾದ್ಯದ ಮೂರು ತಂತಿ ಮೀಟುತ್ತಿದ್ದ. (ಬರುತ್ತಿದ್ದುದು ಒಂದೇ ರಾಗ. ಅದನ್ನೇ ಮದುವೆಯ ರಾಗ, ಯುದ್ಧದ ರಾಗ, ವಿರಹದ ರಾಗ ಎಂದು ಮೂರು ಸಲ ನುಡಿಸುತ್ತಿದ್ದ.) ಅಷ್ಟರಲ್ಲಿ ಬುರುಲ್ ಉಣ್ಣೆ ಬಡಿದು, ಬಿಸಿನೀರು ಹೊಯ್ದು, ಉರುಳಿಸಿ ಕಂಬಳಿ ಮಾಡಿ ತೋರಿಸಬೇಕು, ಹಿಟ್ಟು ನಾದಿ, ಲಟ್ಟಿಸಿ, ಶಾವಿಗೆ ಕೊಯ್ಯಬೇಕು, ನಡುನಡುವೆ ಫೋಟೊಗೆ ನಗಬೇಕು.

ಆ ವರ್ಷ ಡೇರೆ ಕಿತ್ತು ಮಡಚಿದ ದಿನವೇ ಬುರುಲ್ ಸೊಂಟಕ್ಕೆ ಕೈಯಿಟ್ಟು ನಿಂತಳು.

“ರೀ, ಈ ಚಳಿಗಾಲ ನಾನು ಬಿಸಿ ಸಮುದ್ರಕ್ಕೆ ಹೋಗ್ಬೇಕು.”

“ಎದುರಿಗೇ ಬಿದ್ದಿದೆಯಲ್ಲೇ ಇಷ್ಟು ನೀರು!”

“ಈ ನೀರಿನ ದಡದಲ್ಲಿ ನಾನು ಕೂತಿದ್ದು ಪಾತ್ರೆ ಉಜ್ಜೋಕೆ. ನಾನು ಬಿಸಿ ಮರಳಿನ ಮೇಲೆ ಮಲಗ್ಬೇಕು. ಗುರುತು ಪರಿಚಯ ಇಲ್ಲದ ಯಾರೋ ಚಹಾ ತಂದು ಕೊಡ್ಬೇಕು. ಇಷ್ಟೇ ನನ್ನಾಸೆ.”

ತುರ್ದುಬೆಕ್ ಒಪ್ಪಿದ. ಒಪ್ಪಿದವನು ಸುಮ್ಮನಿದ್ದಾನೆಯೇ? “ಅಷ್ಟು ದೂರ ಹಾರಿ ಹೋಗಿ ಬರೀ ಬಿದ್ಕೊಳ್ಳೋದಾ? ಅಲ್ಲಿನವರ ಮನೇಲೇ ಉಳೀಬೇಕು. ಅವರ ಕುಣಿತ, ಅಡುಗೆ, ಸಂಸ್ಕೃತಿ...”

“ಸಂಸ್ಕೃತಿಯಾ? ಇಪ್ಪತ್ತು ವರ್ಷದಿಂದ ನಾನೇ ಸಂಸ್ಕೃತಿಯಾಗಿದ್ದೀನಿ, ಅದರ ಬೆನ್ನುನೋವು ನನಗ್ಗೊತ್ತು. ಅಲ್ಲೂ ನನ್ನಂಥವಳೊಬ್ಬಳು ಬೆವರು ಸುರಿಸ್ತಿರ್ತಾಳೆ. ಅದನ್ನ ನಾನು ಕಾಲು ಚಾಚ್ಕೊಂಡು ನೋಡ್ಲಾ?”

ಒಲೆಯ ಪಕ್ಕ ಕುಳಿತಿದ್ದ ತುರ್ದುಬೆಕ್‌ನ ತಾಯಿ, ಎಪ್ಪತ್ತಾರರ ಸಯ್ರಕಾನ್, “ಸೊಸೆ ಮಾತು ಕೇಳೋ, ಕೋತಿ” ಎಂದಳು. ಕೊನೆಗೆ ಬೆಳಿಗ್ಗೆ ಮರಳು, ಸಂಜೆ ಸಂಸ್ಕೃತಿ ಎಂದು ರಾಜಿಯಾಯಿತು. ಹೊರಡುವ ತಿಂಗಳು ಫೆಬ್ರವರಿ. ಮಾರ್ಚಿಗೆ ಕುರಿಗಳು ಮರಿ ಹಾಕತೊಡಗಿದರೆ ಮನೆ ಬಿಡುವಂತಿಲ್ಲ.

ತುರ್ದುಬೆಕ್ ಫೋನಿನಲ್ಲಿ ಮುಳುಗಿ ಮುಳುಗಿ ಕಡೆಗೆ ಲಂಕೆಯ ಜಿನದಾಸ ಎಂಬ ಮೀನುಗಾರನನ್ನು ಎತ್ತಿ ತಂದ. ಅವನ ಮನೆಯ ಹೊಸ್ತಿಲು ದಾಟಿದರೆ ಕಡಲು. ಮುಖವಾಡದ ಕುಣಿತ, ತೆಂಗಿನ ನಾರಿನ ಹಗ್ಗ ಹೊಸೆಯುವುದು ಎಲ್ಲ ಉಂಟು. ಇವನು ಬರೆದುದನ್ನು ಫೋನು ಅವನ ಭಾಷೆಗೆ ತಿರುಗಿಸುತ್ತಿತ್ತು. ಕಸುಬು ಬಲ್ಲವನಾದ್ದರಿಂದ ತುರ್ದುಬೆಕ್ ಡೋಲು ಅಸಲಿಯೇ, ಕುಣಿಯುವವರು ನಿಜಕ್ಕೂ ಊರಿನವರೇ ಎಂದು ಪೊಲೀಸನ ಹಾಗೆ ಪ್ರಶ್ನೆ ಹಾಕಿದ.

ಎಡವಿದ್ದು ಅಲ್ಲಲ್ಲ. ತುರ್ದುಬೆಕ್‌ನ ಸೀಮೆಯಲ್ಲಿ ಮನೆಗೆ ಕರೆಯದೆ ಮಾತು ಮುಗಿಸುವುದೆಂದರೆ ಮುಖಕ್ಕೆ ಕೈ ಸವರಿ ಪ್ರಾರ್ಥಿಸದೆ ಊಟದಿಂದ ಎದ್ದಷ್ಟು ಅಪಚಾರ. ದಂಡ ಹಾಕಿದ ಪೊಲೀಸನನ್ನೂ ಕರೆಯುತ್ತಾರೆ. ಅವನೂ ಇವರನ್ನು ಕರೆಯುತ್ತಾನೆ. (ಎಲ್ಲರೂ ಎಲ್ಲರ ಮನೆಗೆ ಹೋಗಿಬಿಟ್ಟರೆ ಬಾಗಿಲು ತೆರೆಯಲು ಯಾರೂ ಉಳಿಯುವುದಿಲ್ಲ, ಆದ್ದರಿಂದ ಯಾರೂ ಹೊರಡುವುದಿಲ್ಲ.) ತುರ್ದುಬೆಕ್ ಪ್ರತಿ ಪತ್ರದ ಕೊನೆಗೂ ಉಸಿರಾಡಿದಷ್ಟು ಸಲೀಸಾಗಿ ಬರೆದಿದ್ದ: “ನಮ್ಮ ಮನೆಗೆ ಬನ್ನಿ. ಕುಟುಂಬ ಸಮೇತ ಬನ್ನಿ. ಕುರಿ ಕಡಿಯೋಣ.”

ಪಾಪ, ಜಿನದಾಸನಿಗೇನು ಗೊತ್ತು? ಜನವರಿಯಲ್ಲಿ ಉತ್ತರ ಬಂತು. “ಅಣ್ಣಾ, ಹನ್ನೊಂದು ಸಲ ಕರೆದಿರಿ. ನನ್ನ ಹೆಂಡತಿ ಅತ್ತೇಬಿಟ್ಟಳು. ಇಷ್ಟು ಕರೆದರೂ ಬಾರದಿದ್ದರೆ ನಾವು ಮನುಷ್ಯರೇ? ನಾವು ಹಿಮ ಕಂಡವರಲ್ಲ. ಫೆಬ್ರವರಿ ಆರಕ್ಕೆ ಏಳು ಜನ ಬರುತ್ತೇವೆ. ಟಿಕೆಟ್ ಆಗಿದೆ.”

ತುರ್ದುಬೆಕ್‌ನ ಮುಖ ಮಜ್ಜಿಗೆಯಾಯಿತು. ಬೇಡ ಎನ್ನಲು ಬಾಯಿಲ್ಲ. ಅತಿಥಿಗೆ ಬಾಗಿಲು ಹಾಕಿದವನೆಂದು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ. ನೆಲ ನೋಡುತ್ತ ಹೆಂಡತಿಗೆ ಓದಿ ಹೇಳಿದ.

ಬುರುಲ್ ಬೆರಳು ಮಡಚಿ ಎಣಿಸಿದಳು.

“ಏಳು ಜನಾನೂ ಇಲ್ಲಿಗೆ ಬಂದ್ರೆ ಅಲ್ಲಿ ಯಾರಿರ್ತಾರೆ?”

“ಯಾರೂ ಇಲ್ಲ. ಬೀಗದ ಕೈ ಪಕ್ಕದ ಮನೇಲಿರೋ ಅವನ ಅತ್ತಿಗೆ ಹತ್ರ ಕೊಡ್ತಾರಂತೆ. ಮುಂದಿನ ಚಳಿಗಾಲಕ್ಕೆ ಹೋದ್ರಾಯ್ತು ಬಿಡೇ...”

“ಸಮುದ್ರ? ಅದನ್ನೂ ಹೊತ್ಕೊಂಡು ಬರ್ತಾರಾ?”

“ಅದು ಅಲ್ಲೇ ಇರುತ್ತೆ, ಅದಕ್ಕೇನು.”

“ಹಾಗಾದ್ರೆ ನಾನು ಹೊರಟೆ. ಖಾಲಿ ಮನೆ, ಕುಣಿಯೋರಿಲ್ಲ, ಹೊಸೆಯೋರಿಲ್ಲ. ನನಗೆ ಬೇಕಾಗಿದ್ದೂ ಅದೇ. ಬೀಗದ ಕೈ ನನಗೆ ಕೊಡೋಕೆ ಬರೀರಿ ಆ ಜಿನದಾಸನಿಗೆ.”

“ಅತಿಥಿಗಳನ್ನ ಬಿಟ್ಟು ಹೋಗ್ತೀಯಾ! ನೆಂಟರಿಗೆ ಬೇಯಿಸಿ ಹಾಕೋರು ಯಾರೇ?”

“ಕರೆದೋರು ಯಾರು? ಹನ್ನೊಂದು ಪತ್ರದಲ್ಲಿ ಒಂದರಲ್ಲಾದ್ರೂ ನನ್ನ ಹೆಸರಿದ್ರೆ ತೋರ್ಸಿ, ನಿಂತ್ಕೋತೀನಿ.”

ತುರ್ದುಬೆಕ್ ತಾಯಿಯ ಕಡೆ ತಿರುಗಿದ. “ಅಪಾ,” ಎಂದ (ಅಲ್ಲಿ ಅಮ್ಮನನ್ನು ಕರೆಯುವುದೇ ಹಾಗೆ), “ನೀನಾದ್ರೂ ಸೊಸೆಗೆ ನಾಲ್ಕು ಬುದ್ಧಿ ಹೇಳು.”

ಸಯ್ರಕಾನ್ ಆಗಲೇ ಪೆಟ್ಟಿಗೆಯೊಳಗೆ ಅರ್ಧ ಇಳಿದಿದ್ದಳು. “ಹೇಳ್ತೀನಿ ಕಣೋ, ದಾರೀಲಿ ಹೇಳ್ತೀನಿ. ನಾನು ಹಜ್‌ಗೆ ಹೋದಾಗ ಮಾಡಿಸಿದ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀಯ?”

ಆರನೆಯ ತಾರೀಖು ಅತ್ತೆ ಸೊಸೆ ಲಂಕೆಗೆ ಹಾರಿದರು, ಜಿನದಾಸನ ಪರಿವಾರ ಹಿಮಕ್ಕೆ ಇಳಿಯಿತು. ಸಿಕ್ಕಿದ್ದನ್ನೆಲ್ಲ ಒಂದರ ಮೇಲೊಂದು ತೊಟ್ಟು ಏಳು ಹುಲ್ಲಿನ ಬಣವೆಗಳಂತೆ. ತುರ್ದುಬೆಕ್ ಕುರಿ ಕಡಿದ, ಹಿಟ್ಟು ನಾದಿದ. ಅವನ ಶಾವಿಗೆ ಕುದುರೆಯ ಲಗಾಮಿನಷ್ಟು ದಪ್ಪ. ಪುರಾತನ ಪದ್ಧತಿಯೇ ಹೀಗೆಂದು ಅತಿಥಿಗಳು ಭಕ್ತಿಯಿಂದ ಅಗಿದರು, ಹೇಗೆ ಮಾಡುವುದೆಂದು ಮತ್ತೆ ಮತ್ತೆ ಕೇಳಿದರು. ಮರುದಿನ ಜಿನದಾಸನ ಅತ್ತೆ ಗೋಡೆಯ ಮೇಲೆ ಬುರುಲ್ ಕಂಬಳಿ ಮಾಡುತ್ತಿದ್ದ ಫೋಟೊ ತೋರಿಸಿ, ಉಣ್ಣೆ ಉರುಳಿಸುವುದನ್ನೂ ನೋಡಬೇಕೆಂದಳು. ಉರುಳಿಸಿದ. ಜಿನದಾಸ ಫೋಟೊ ತೆಗೆಯುತ್ತ, ಸ್ವಲ್ಪ ನಗಲು ಸನ್ನೆ ಮಾಡಿದ.

ಹತ್ತನೆಯ ದಿನ, ಬೆನ್ನು ಬಿಲ್ಲಾಗಿ ನಿಂತಿರುವಾಗ, ತುರ್ದುಬೆಕ್ ಲಂಕೆಗೆ ಫೋನು ಮಾಡಿದ. ಎತ್ತಿದವಳು ತಾಯಿ. ಹಿಂದೆ ಅಲೆಗಳ ಸದ್ದು.

“ಅಪಾ, ಬುರುಲ್‌ಗೆ ಕೊಡು.”

“ಮಲಗಿದ್ದಾಳೆ, ಎಬ್ಬಿಸ್ಬೇಡ. ಆ ಪಕ್ಕದ ಮನೆ ಅತ್ತಿಗೆ ಮಹಾತಾಯಿ ಹೊತ್ತು ಹೊತ್ತಿಗೆ ಚಹಾ ತಂದಿಟ್ಟು ಹೋಗ್ತಾಳೆ. ಇವಳು ಕಣ್ಣು ಬಿಡ್ತಾಳೆ, ಕುಡೀತಾಳೆ, ಮುಚ್ತಾಳೆ.”

“ಹೋದಾಗಿಂದ ಏನೂ ಕೆಲಸ ಮಾಡಿಲ್ವಾ?”

“ಯಾಕೆ ಮಾಡಿಲ್ಲ? ನಿನ್ನೆ ಒಂದು ಸಲ ಮಗ್ಗುಲು ಬದಲಾಯಿಸಿದ್ಳು.”

“ಅಪಾ, ನನ್ನ ಸೊಂಟ ಬಿದ್ದು ಹೋಗಿದೆ! ಯಾವಾಗ ಬರ್ತಾಳಂತೆ ಅವಳು?”

“ಒಂದು ಮಗ್ಗುಲು ಬಿಸಿಲಿಗೆ ಕೆಂಪಾಗಿದೆ, ಇನ್ನೊಂದು ಇನ್ನೂ ಬೆಳ್ಳಗಿದೆ ಕಣೋ,” ಎಂದಳು ಸಯ್ರಕಾನ್. “ಅದೂ ಕೆಂಪಾಗ್ಲಿ, ಆಮೇಲೆ ಯೋಚ್ನೆ ಮಾಡ್ತಾಳಂತೆ.”