ಒಂದು ಮಿಷನ್ನು, ನಾಲ್ಕೂರಿನ ಪಾಲುದಾರರು

ಒಂದೇ ಬಚ್ಚಲಿರುವ ವಠಾರದಲ್ಲಿ ಏನೇನು ನಡೆಯುತ್ತೋ, ಒಂದೇ ಮಿಷನ್ನಿರುವ ಲ್ಯಾಬಿನಲ್ಲೂ ಅದೇ ನಡೆಯುತ್ತೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಚಿತ್ರದುರ್ಗದ ಫಾರ್ಮಸಿ ಕಾಲೇಜೊಂದರಲ್ಲಿ ಅಂಥದ್ದೊಂದು ಮಿಷನ್ನಿಗೆ ನಾನು ಉಸ್ತುವಾರಿ. ಹೊಸ ಔಷಧಿ ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟುತ್ತೆ ಅಂತ ಬೆಳಕು ಹಾಯಿಸಿ ಅಳೆಯೋದು ಅದರ ಕೆಲಸ. ಔಷಧಿ ಅಂಟಿದಷ್ಟೂ ಪ್ರೋಟೀನು ಹೊಮ್ಮಿಸೋ ಬೆಳಕು ಕುಂದುತ್ತೆ. ಸುತ್ತಲಿನ ಊರುಗಳಿಂದೆಲ್ಲ ಜನ ಬಂದು ಅದಕ್ಕೆ ಕಾಯೋರು.

ಟವೆಲ್

ಹಿರಿಯೂರಿನ ಮೇಷ್ಟ್ರೊಬ್ಬರು ಬೆಳಗಿನ ಬಸ್ಸಿಳಿದು ನೇರ ಬಂದು, ಮಿಷನ್ ಆನ್ ಮಾಡಿ, ಅದರ ಮೇಲೆ ಟವೆಲ್ ಹಾಸಿ ತಿಂಡಿಗೆ ಹೋಗೋರು. ಸೀಟು ಹಿಡಿದಂಗೆ! ಒಂದಿನ ಟವೆಲ್ಲು ಗಾಳಿಕಿಂಡಿ ಮುಚ್ಚಿಕೊಂಡು, ಮಿಷನ್ ಕಾದು, ಸುಟ್ಟ ವಾಸನೆ ಹೊಡೆದು ನಿಂತೇ ಹೋಯ್ತು.

ಸರದಿಗೆ ಕಾದು ಸುಸ್ತಾಗಿದ್ದ ಹೊಸದುರ್ಗದ ಸಂಶೋಧಕ ಕೈಮುಗಿದ: "ಸೀಟು ಹಿಡಿದೋರೂ ನೀವೇ, ಬಸ್ಸು ಕೆಡಿಸಿದೋರೂ ನೀವೇ. ಈಗ ಇಳಿದು ತಳ್ಳ್ರಿ ಸಾರ್!"

ನೀರು

ರಿಪೇರಿಯಾದ ಮೇಲೆ ಅದೇ ಹೊಸದುರ್ಗದವನ ಸರದಿ. ಅವನು ಒಂದೊಂದು ಹನಿ ಬಿಟ್ಟಂಗೆಲ್ಲ ಬೆಳಕು ಚೆಂದವಾಗಿ ಇಳೀತಿತ್ತು. ಹಿಂದೆ ನಿಂತಿದ್ದ ಅವನ ಗೈಡು ಕುಣಿದಾಡಿಬಿಟ್ರು.

"ಅಂಟ್ತಾ ಐತೆ ಕಣಯ್ಯ! ನಮ್ಮ ಔಷಧಿ ಗೆದ್ದೈತೆ!"

"ಸಾರ್, ಔಷಧಿ ಇನ್ನೂ ಹಾಕೇ ಇಲ್ಲ. ಇದು ಬರೀ ನೀರು. ಪ್ರೋಟೀನು ತೆಳ್ಳಗಾಗಿ ಬೆಳಕು ಕಮ್ಮಿ ಆಗ್ತೈತೆ."

ಗೈಡು ಅವನ ಬೆನ್ನು ತಟ್ಟಿ, "ಲೇ, ಸೈಡ್ ಎಫೆಕ್ಟೂ ಇರಲ್ಲ. ಇದರ ಮೇಲೇ ಪೇಪರ್ ಬರಿ" ಅಂದ್ರು.

ಕೆನೆ

ಹೊಳಲ್ಕೆರೆಯ ಮೇಡಂ ಪಿಎಚ್‌ಡಿಗೆ ಅಂತ ದುಬಾರಿ ಪ್ರೋಟೀನ್ ಪುಡಿ ತರಿಸಿದ್ರು. ಮೊಟ್ಟೆಯ ಬಿಳಿಭಾಗದಿಂದ ತೆಗೆದದ್ದು. ಫ್ರಿಜ್ಜಿನಲ್ಲಿಟ್ಟರೆ ಪಾಲುದಾರರು ಚಮಚ ಚಮಚ ಎತ್ತೋರು. ಕಳ್ಳರಿಗೆ ಗೊತ್ತಾಗದಿರಲಿ ಅಂತ ಅದನ್ನು ಹಾಲಿನಪುಡಿ ಡಬ್ಬಿಗೆ ಸುರಿದಿಟ್ರು.

ಅವರ ಪ್ರಯೋಗ ನೋಡೋಕೆ ಹೊರಗಿನ ಪರೀಕ್ಷಕರು ಬಂದ್ರು. ಮೊಟ್ಟೆ ಬಿದ್ದಿರಬಹುದು ಅಂತ ಕೇಕನ್ನೂ ಮುಟ್ಟದ ಮಹಾ ಮಡಿವಂತರು. ಅತಿಥಿ ಸತ್ಕಾರದ ಹುರುಪಿಗೆ ನಮ್ಮ ವಿಭಾಗದ ಹೆಚ್ಚೋಡಿ ತಾವೇ ಫ್ರಿಜ್ ತೆಗೆದು, ಕುದಿಯೋ ಕಾಫಿಗೆ ಡಬ್ಬಿ ಪೂರ್ತಿ ಬೋರಲು ಹಾಕಿದ್ರು.

ಪ್ರೋಟೀನ್ ತಗೊಳ್ಳೋಕೆ ಮೇಡಂ ಬರೋ ಹೊತ್ತಿಗೆ ಡಬ್ಬಿ ಖಾಲಿ. ಪರೀಕ್ಷಕರು ಕಾಫಿ ಮೇಲೆ ಗಟ್ಟಿಯಾಗಿ ತೇಲ್ತಿದ್ದ ಬಿಳೀ ಪದರವನ್ನು ಚಮಚದಲ್ಲಿ ಎತ್ತೆತ್ತಿ ಚಪ್ಪರಿಸ್ತಿದ್ರು.

"ಆಹಾ, ಎಂಥ ಕೆನೆ ಬಂದಿದೆಯಮ್ಮಾ! ಹಸುವಿಂದೋ, ಎಮ್ಮೇದೋ?"

ಮೂರು ವರ್ಷದ ಶ್ರಮ ಅವರ ಬಾಯಿಗೆ ಹೋಗೋದನ್ನೇ ನೋಡ್ತಾ ಮೇಡಂ ಅಳುದನಿಯಲ್ಲಿ ಅಂದ್ರು:

"ಕೋಳೀದು ಸಾರ್."