ಹನಮಪ್ಪನ ಕೋಟು ಮತ್ತು ನನ್ನ ಟ್ಯಾಬು

ಜನರನ್ನು ಇದ್ದ ಹಾಗೆ ತೋರಿಸುವುದೇ ಫೋಟೋಗ್ರಾಫರನ ಕೆಲಸ ಎಂದು ನಂಬಿದವರು ಯಾರೂ ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆದವರಲ್ಲ. ಕುಷ್ಟಗಿಯ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದವರಲ್ಲಿ ‘ನಾನು ಇರೋ ಹಂಗ ತಗೀರಿ’ ಎಂದವರು ಇದುವರೆಗೆ ಒಬ್ಬರೂ ಇಲ್ಲ. ಕಪ್ಪಗಿದ್ದವರು ಬೆಳ್ಳಗಾಗಬೇಕು, ಬೆಳ್ಳಗಿದ್ದವರು ಇನ್ನಷ್ಟು ಬೆಳ್ಳಗಾಗಬೇಕು. ಮರಳಿ ಎಂಬ ಊರಿನ ಒಂದು ಮದುವೆಯಲ್ಲಿ ಮದುಮಗನ ಸೋದರಮಾವ ನನ್ನನ್ನು ಕಂಬದ ಮರೆಗೆ ಕರೆದೊಯ್ದು, ತನ್ನ ತಲೆಯ ಮೇಲೆ ಒಂದಿಷ್ಟು ಕೂದಲು ‘ಅಡ್ಜಸ್ಟ್’ ಮಾಡಲು ಕೈಮುಗಿದು ಕೇಳಿದ್ದ. ಹೀಗೆ ಇಲ್ಲದ್ದನ್ನು ಕೊಟ್ಟು, ಇದ್ದದ್ದನ್ನು ಮರೆಸಿ ಬದುಕುತ್ತಿದ್ದ ನನಗೆ ಟ್ಯಾಬ್ ಬಂದ ಮೇಲೆ ಸ್ವಲ್ಪ ಸೊಕ್ಕೇ ಬಂತು ಎನ್ನಬೇಕು.

ಅದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಹಿಂದೆ ಮುಂದೆ ತಿರುಗಿಸಿ ನೋಡಿ, “ಹಂಚಿನಷ್ಟ ಐತಿ, ಒಂದು ರೊಟ್ಟಿನೂ ಬೇಯಂಗಿಲ್ಲ” ಎಂದು ಕೈಗಿಟ್ಟಳು. ಅವಳಿಗೇನು ಗೊತ್ತು! ಕ್ಯಾಮೆರಾಕ್ಕೆ ವೈರು ಸಿಕ್ಕಿಸಿದರೆ ಸಾಕು, ತೆಗೆದ ಫೋಟೋ ಆ ಕ್ಷಣವೇ ಟ್ಯಾಬಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಜೊತೆಗೆ ಬಂದ ಪೆನ್ನಿನಿಂದ ಮೊಡವೆ ಒರೆಸಬಹುದು, ಹೊಟ್ಟೆ ಕರಗಿಸಬಹುದು. ತೊಂದರೆಯೆಂದರೆ ನನಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ. ಮದುವೆ ಮನೆಯಲ್ಲಿ ಟ್ಯಾಬ್ ತೆರೆದೆನೆಂದರೆ ಬೆನ್ನ ಹಿಂದೆ ಅರ್ಧ ಊರು ನಿಂತಿರುತ್ತದೆ. “ನನ್ನ ಗಲ್ಲ ಸ್ವಲ್ಪ ಒಳಗ ಹಾಕ್ರಿ” ಎಂದು ಒಬ್ಬ ಅತ್ತೆ ನನ್ನ ಹೆಗಲ ಮೇಲಿಂದಲೇ ಬೆರಳು ತೂರಿಸುತ್ತಾಳೆ.

ಈ ಸೊಕ್ಕಿನ ದಿನಗಳಲ್ಲೇ ತಾವರಗೇರಾ ಕಡೆಯ ಹಳ್ಳಿಯಿಂದ ಮಲ್ಲೇಶ ಬಂದ. ಅವನ ಮಾವ ಹನಮಪ್ಪ ತೀರಿಕೊಂಡಿದ್ದ. ದಿವಸದ ಕಾರ್ಯದಲ್ಲಿ ಮುಂದಿಟ್ಟುಕೊಂಡು ಎಡೆ ಹಿಡಿಯಲು ಒಂದು ಫೋಟೋ ಬೇಕು, ಆದರೆ ಮನೆಯಲ್ಲಿ ಒಂದೂ ಇಲ್ಲ. ಗುರುತಿನ ಚೀಟಿಯಲ್ಲಿ ಒಂದು ಇತ್ತು, ಆದರೆ ಅದರಲ್ಲಿ ಹನಮಪ್ಪನ ಗುರುತು ಹನಮಪ್ಪನಿಗೂ ಸಿಗುತ್ತಿರಲಿಲ್ಲ.

ಹನಮಪ್ಪನನ್ನು ನಾನು ಬಲ್ಲೆ. ಕೂಲಿ ಮಾಡುವ ಮನುಷ್ಯ, ಆದರೆ ಆ ಸುತ್ತಿನ ಯಾವ ಮದುವೆಯಾದರೂ ಅನ್ನದ ಬಕೀಟು ಅವನ ಕೈಯಲ್ಲೇ ಇರುತ್ತಿತ್ತು. ಕ್ಯಾಮೆರಾ ಅವನ ಕಡೆ ತಿರುಗಿದರೆ, “ನಂದೇನ್ ತಗೀತೀರಿ, ಮದುಮಗಂದು ತಗೀರಿ” ಎಂದು ಮುಂದಿನ ಪಂಕ್ತಿಗೆ ಓಡುತ್ತಿದ್ದ. ಹಳೆಯ ಮದುವೆಗಳನ್ನೆಲ್ಲ ಜಾಲಾಡಿದೆ. ಕೊನೆಗೆ ಒಂದರಲ್ಲಿ ಸಿಕ್ಕ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಬಕೀಟು. ಉಣ್ಣುವವರನ್ನು ಒತ್ತಾಯ ಮಾಡುತ್ತ, ಬಾಯಿ ಅರ್ಧ ತೆರೆದು ನಗುತ್ತಿದ್ದ.

“ಸಾಹುಕಾರ್ರಂಗ ಕಾಣಬೇಕ್ರಿ” ಎಂದಿದ್ದ ಮಲ್ಲೇಶ. ನನಗೆ ಅಷ್ಟು ಹೇಳಿದರೆ ಸಾಕು. ಪೆನ್ನು ಹಿಡಿದು ಕೂತೆ. ಬಕೀಟು ಹೋಯಿತು, ಟವೆಲ್ ಹೋಯಿತು, ತೆರೆದ ಬಾಯಿ ಮುಚ್ಚಿತು. ಸುಕ್ಕು ಅಳಿಸಿದೆ, ಬಣ್ಣ ತಿಳಿ ಮಾಡಿದೆ, ನೀಲಿ ಕೋಟು ತೊಡಿಸಿದೆ. ಗಂಗಾವತಿಯಲ್ಲಿ ಪ್ರಿಂಟ್ ಹಾಕಿಸಿ, ಬಂಗಾರದ ಬಣ್ಣದ ಕಟ್ಟು ಹಾಕಿಸಿಕೊಂಡು, ದಿವಸದ ಮುಂಜಾನೆ ನಾನೇ ಒಯ್ದೆ. ಹೊಗಳಿಸಿಕೊಳ್ಳುವ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ.

ಹನಮಪ್ಪನ ಹೆಂಡತಿ ಯಲ್ಲವ್ವ ಫೋಟೋ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೊಮ್ಮೆ ನೋಡಿದಳು.

“ಇವ್ರ್ಯಾರಪ್ಪಾ?”

“ನಿಮ್ಮನ್ಯಾವ್ರಽ ಯವ್ವಾ. ಸ್ವಲ್ಪ ಛಲೋ ಮಾಡೀನಿ.”

“ಛಲೋ ಅದಾರ,” ಎಂದಳು ಯಲ್ಲವ್ವ, “ಆದ್ರ ನನಗ ಇವ್ರ ಗುರುತಿಲ್ಲ. ಗುರುತಿಲ್ಲದವ್ರ ಮುಂದ ಎಡಿ ಹೆಂಗ ಹಿಡಿಲೆಪ್ಪಾ?”

ಅವಳು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಫೋಟೋವನ್ನು ಜೋಪಾನವಾಗಿ ನನ್ನ ಕೈಗೇ ಮರಳಿ ಕೊಟ್ಟು, ಸೆರಗು ಬಾಯಿಗೆ ಇಟ್ಟುಕೊಂಡು ಕೂತುಬಿಟ್ಟಳು. ಒಳಗೆ ಅಡುಗೆ ಆಗಿತ್ತು, ಅಂಗಳದಲ್ಲಿ ಬಂಧುಗಳು ಕೂತಿದ್ದರು. ಗಂಡನನ್ನು ಎರಡನೆಯ ಸಲ ಅವಳಿಂದ ಕಿತ್ತುಕೊಂಡವನು ನಾನೇ ಅನ್ನಿಸಿತು.

ಚೀಲದಿಂದ ಟ್ಯಾಬ್ ತೆಗೆದೆ. ನಾನು ಒಂದರ ಮೇಲೊಂದು ಮೆತ್ತಿದ್ದನ್ನೆಲ್ಲ ಅವಳ ಮುಂದೆಯೇ ಒಂದೊಂದಾಗಿ ಕಳಚತೊಡಗಿದೆ. ಕೋಟು ಹೋಯಿತು. “ಇನ್ನೂ ಅಲ್ಲ” ಎಂದಳು. ಬಣ್ಣ ಇಳಿಯಿತು, ಸುಕ್ಕು ಬಂತು. ಯಲ್ಲವ್ವ ಹತ್ತಿರ ಸರಿದಳು. ಬಾಯಿ ತೆರೆದು ನಗು ಬಂತು, ಹೆಗಲಿಗೆ ಟವೆಲ್ ಬಂತು, ಕೊನೆಗೆ ಕೈಗೆ ಬಕೀಟು ಬಂತು.

“ಹಾಂ, ನಿಂದರ್ಸು! ಇವ್ರಽ ನೋಡು ನಮ್ಮನ್ಯಾವ್ರು” ಎಂದು ಅಳತೊಡಗಿದಳು.

ಇನ್ನೊಂದು ಪ್ರಿಂಟ್ ಹಾಕಿಸಲು ಹೊತ್ತಿರಲಿಲ್ಲ. ಟ್ಯಾಬನ್ನೇ ಮಣೆಯ ಮೇಲೆ ಗೋಡೆಗೆ ಒರಗಿಸಿದರು, ಮೇಲಂಚಿಗೆ ವಿಭೂತಿ ಹಚ್ಚಿದರು, ಹಾರ ಹಾಕಿದರು. ಆಗ ನನಗೆ ನೆನಪಾಯಿತು: ಮುಟ್ಟದೆ ಬಿಟ್ಟರೆ ಈ ಟ್ಯಾಬು ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಸೆಟ್ಟಿಂಗ್ ಬದಲಿಸೋಣವೆಂದು ಕೈಚಾಚಿದೆ. “ಹಾರ ಹಾಕಿದ ಮ್ಯಾಲ ಅಳ್ಳಾಡಸಬ್ಯಾಡ್ರೀ” ಎಂದು ಹಿರಿಯರೊಬ್ಬರು ಗದರಿದರು. ಅಷ್ಟರಲ್ಲಿ ಹನಮಪ್ಪ ಮಂಕಾಗತೊಡಗಿದ. ಯಲ್ಲವ್ವ “ಅಯ್ಯೋ!” ಎಂದಳು. ನಾನು ಗಡಬಡಿಸಿ ಹಾರದ ಸಂದಿಯಲ್ಲಿ ಬೆರಳು ತೂರಿಸಿ ಒಂದು ಮೂಲೆ ಮುಟ್ಟಿದೆ. ಅವನು ಮತ್ತೆ ಬೆಳಗಿದ.

ಪೂಜಾರಿಯ ಪಕ್ಕದಲ್ಲಿ ಪೂಜಾರಿಗಿಂತ ಗಂಭೀರವಾಗಿ ಕೂತು, ಮಂಕಾದಾಗಲೆಲ್ಲ ಮುಟ್ಟುವ ಕೆಲಸ ನನ್ನದಾಯಿತು. ನಡುವೆ ಕನಕಗಿರಿಯ ಮದುಮಗನೊಬ್ಬನ ಮೆಸೇಜು ಹನಮಪ್ಪನ ನೆತ್ತಿಯ ಮೇಲೆ ಇಳಿಯಿತು: ‘ಅಣ್ಣಾ, ನನ್ನ ಡ್ಯಾನ್ಸ್ ವಿಡಿಯೋ ಎಲ್ಲಿ?’ ಓದಬಲ್ಲವರು ಓದಿದರು. ನೆಲ ಬಿರಿದರೆ ಇಳಿದುಬಿಡುತ್ತಿದ್ದೆ. ಯಲ್ಲವ್ವ ಮಾತ್ರ ಅತ್ತ ನೋಡದೆ, “ಸ್ವಲ್ಪ ಆಕಡೆ ಸರಿಯಪ್ಪಾ, ನಾ ಮುಟ್ಟತೀನಿ” ಎಂದು ನನ್ನ ಜಾಗಕ್ಕೆ ಬಂದಳು. ಬಂಧುಗಳೆಲ್ಲ ಉಂಡು ಏಳುವವರೆಗೂ ಒಂದು ಬೆರಳನ್ನು ಅವನ ಹತ್ತಿರವೇ ಇಟ್ಟುಕೊಂಡು ಕೂತಿದ್ದಳು. ಒಂದು ಸಲವೂ ಆರಗೊಡಲಿಲ್ಲ.

ಮುಂದಿನ ವಾರ ಬಕೀಟಿನ ಹನಮಪ್ಪನಿಗೆ ಕಟ್ಟು ಹಾಕಿಸಿ ಒಯ್ದುಕೊಟ್ಟೆ. ಯಲ್ಲವ್ವ ಅದನ್ನು ಅದೇ ಮಣೆಯ ಮೇಲಿಟ್ಟು ಮುಂದೆ ಕೂತಳು. ಮಾತಾಡುತ್ತಲೇ ಅವಳ ಬೆರಳು ಹೋಗಿ ಗಾಜಿನ ಮೂಲೆ ಮುಟ್ಟಿ ಬರುತ್ತಿತ್ತು. ನಾನು ನೋಡಿದ್ದನ್ನು ನೋಡಿ ನಕ್ಕಳು.

“ಇದು ಆರೂದಿಲ್ಲಂತ ಗೊತ್ತೈತಪ್ಪಾ. ಕೈಗೆ ರೂಢಿ ಆಗೇತಿ. ಕುಂದ್ರು, ಚಾ ಮಾಡ್ಕೊಂಡು ಬರ್ತೀನಿ.”

ಅವಳು ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು. ಬಾಗಿಲ ಬಿಸಿಲು ಹೊರಗೆ ಸರಿದು ಹನಮಪ್ಪನ ಮುಖ ಕೊಂಚ ಮಬ್ಬಾಯಿತು. ಒಳಗಿರುವುದು ಕಾಗದ, ಮೇಲಿರುವುದು ಗಾಜು, ಹಾಕಿಸಿ ತಂದವನು ನಾನೇ. ಇದೆಲ್ಲ ಗೊತ್ತಿದ್ದೂ ನಾನು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳು ಚಾಚಿ ಮುಟ್ಟಿದೆ.